ಫಾರ್ಮಸಿ ರೆಸಿಡೆನ್ಸಿಗೆ ಒಮ್ಮೆ ‘ಮ್ಯಾಚ್’ ಆಗದಿದ್ದರೆ ಮತ್ತೆ ಅವಕಾಶವಿಲ್ಲವೇ? ನಂಬಿಕೆ ಏನು, ನಿಜ ಏನು?

ಅಮೆರಿಕದಲ್ಲಿ ಫಾರ್ಮಸಿ ಓದುತ್ತಿರುವ ಮಕ್ಕಳಿರುವ ಮನೆಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಆತಂಕ. ರೆಸಿಡೆನ್ಸಿ ‘ಮ್ಯಾಚ್’ ಫಲಿತಾಂಶ ಹೊರಬೀಳುವುದು ಆಗಲೇ. ಹೆಸರು ಬರಲಿಲ್ಲ ಎಂದರೆ ‘ಇನ್ನು ಮುಗಿಯಿತು’, ‘ಪ್ರೊಫೈಲ್‌ಗೆ ಕಪ್ಪುಚುಕ್ಕೆ ಬಿತ್ತು’, ‘ದುಡ್ಡು ಕೊಟ್ಟರೆ ಸೀಟು ಮಾಡಿಸಿಕೊಡುವವರಿದ್ದಾರೆ’ ಎಂಬಂಥ ಮಾತುಗಳು ಶುರುವಾಗುತ್ತವೆ. ಇವನ್ನು ನಂಬಿ ಒಂದು ವರ್ಷ, ಕೆಲವೊಮ್ಮೆ ಹಣವನ್ನೂ ಕಳೆದುಕೊಳ್ಳುವ ಅಪಾಯವಿದೆ. ನಿಜ ಏನೆಂದು ನೋಡೋಣ.

ಒಂದೇ ಮಾತಿನಲ್ಲಿ ಉತ್ತರ: ಮತ್ತೆ ಅರ್ಜಿ ಹಾಕಬಹುದು. ಅದೇ ವರ್ಷ ಎರಡನೇ ಹಂತವಿದೆ, ಮುಂದಿನ ವರ್ಷವೂ ಅವಕಾಶವಿದೆ. ಆದರೆ ಹಳೆಯ ಅರ್ಜಿಯನ್ನೇ ದಿನಾಂಕ ಬದಲಿಸಿ ಕಳುಹಿಸಿದರೆ ಹಳೆಯ ಫಲಿತಾಂಶವೇ ಬರುವ ಸಾಧ್ಯತೆ ಹೆಚ್ಚು.

ಏನಿದು ರೆಸಿಡೆನ್ಸಿ?

ಫಾರ್ಮ್.ಡಿ ಪದವಿಯ ನಂತರ ಆಸ್ಪತ್ರೆ ಅಥವಾ ಕ್ಲಿನಿಕ್‌ನಲ್ಲಿ ಪಡೆಯುವ ಒಂದು ವರ್ಷದ ತರಬೇತಿ ಇದು. ಮೊದಲ ವರ್ಷಕ್ಕೆ ಪಿಜಿವೈ1 ಎನ್ನುತ್ತಾರೆ. ಕ್ಯಾನ್ಸರ್, ತೀವ್ರ ನಿಗಾ ಘಟಕದಂಥ ವಿಶೇಷ ವಿಭಾಗ ಬೇಕೆನ್ನುವವರು ಪಿಜಿವೈ2 ಎಂಬ ಇನ್ನೊಂದು ವರ್ಷ ಮಾಡುತ್ತಾರೆ. ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಸಿಗುತ್ತದೆ. ಅದು ಪೂರ್ಣಾವಧಿ ಫಾರ್ಮಸಿಸ್ಟ್ ಸಂಬಳಕ್ಕಿಂತ ಸಾಕಷ್ಟು ಕಡಿಮೆ.

ಫಾರ್ಮಸಿಸ್ಟ್ ಲೈಸೆನ್ಸ್‌ಗೆ ರೆಸಿಡೆನ್ಸಿ ಕಡ್ಡಾಯವಲ್ಲ. ಲೈಸೆನ್ಸ್‌ಗೆ ಬೇಕಿರುವುದು ಪದವಿ, ನ್ಯಾಪ್ಲೆಕ್ಸ್ ಪರೀಕ್ಷೆ ಮತ್ತು ಆಯಾ ರಾಜ್ಯದ ಉಳಿದ ಷರತ್ತುಗಳು. ಆದರೆ ಆಸ್ಪತ್ರೆಯ ಕ್ಲಿನಿಕಲ್ ಹುದ್ದೆಗಳಿಗೆ ರೆಸಿಡೆನ್ಸಿ ಮಾಡಿದವರನ್ನೇ ಹೆಚ್ಚಾಗಿ ಕೇಳುತ್ತಾರೆ. ಪೈಪೋಟಿಗೆ ಅದೇ ಕಾರಣ.

ಮ್ಯಾಚ್ ಹೇಗೆ ನಡೆಯುತ್ತದೆ?

ನಮ್ಮ ಸಿಇಟಿಯ ಆಪ್ಷನ್ ಎಂಟ್ರಿ ನೆನಪಿಸಿಕೊಳ್ಳಿ. ಅಲ್ಲಿ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಹಾಕುತ್ತಾನೆ. ಇಲ್ಲಿಯೂ ಹಾಗೆಯೇ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಸಿಇಟಿಯಲ್ಲಿ ಎಲ್ಲರಿಗೂ ಒಂದು ರ‍್ಯಾಂಕ್ ಇರುತ್ತದೆ. ಇಲ್ಲಿ ಪ್ರತಿ ಆಸ್ಪತ್ರೆಯೂ ಸಂದರ್ಶನ ಮಾಡಿದವರ ಪೈಕಿ ತನಗೆ ಬೇಕಾದವರ ಪಟ್ಟಿಯನ್ನು ತಾನೇ ಮಾಡಿಕೊಳ್ಳುತ್ತದೆ. ಎರಡೂ ಕಡೆಯ ಪಟ್ಟಿಗಳನ್ನು ಕಂಪ್ಯೂಟರ್ ಹೊಂದಿಸುತ್ತದೆ. ಅಮೆರಿಕದ ಫಾರ್ಮಸಿಸ್ಟ್‌ಗಳ ಸಂಸ್ಥೆಯಾದ ಎಎಸ್‌ಎಚ್‌ಪಿ ಪರವಾಗಿ ನ್ಯಾಷನಲ್ ಮ್ಯಾಚಿಂಗ್ ಸರ್ವಿಸಸ್ ಇದನ್ನು ನಡೆಸುತ್ತದೆ. ಅರ್ಜಿ ಹೋಗುವುದು ಫೋರ್ಕಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ.

ಇಂಥ ಹೊಂದಾಣಿಕೆಯ ಗಣಿತವನ್ನು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ವಿವರಿಸಿದರು. ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು ಇದೇ ವಿಷಯದ ಕೆಲಸಕ್ಕೆ.

ನಂಬಿಕೆ 1: ‘ದೊಡ್ಡ ಆಸ್ಪತ್ರೆಯನ್ನು ಮೊದಲು ಹಾಕಿದರೆ ಚಿಕ್ಕದೂ ಕೈತಪ್ಪುತ್ತದೆ’

ತಪ್ಪು. ಒಂದು ಉದಾಹರಣೆ ನೋಡಿ. ಅನು ಎಂಬ ಹುಡುಗಿ ಮೊದಲು ‘ಕ’ ಆಸ್ಪತ್ರೆ, ಆಮೇಲೆ ‘ಖ’ ಆಸ್ಪತ್ರೆ ಎಂದು ಬರೆದಿದ್ದಾಳೆ ಎನ್ನಿ. ಕಂಪ್ಯೂಟರ್ ಮೊದಲು ಅವಳನ್ನು ‘ಕ’ದಲ್ಲಿ ತಾತ್ಕಾಲಿಕವಾಗಿ ಕೂರಿಸುತ್ತದೆ. ಅಲ್ಲಿಗೆ ರವಿ ಬರುತ್ತಾನೆ. ‘ಕ’ ಆಸ್ಪತ್ರೆಯ ಪಟ್ಟಿಯಲ್ಲಿ ರವಿ ಅನುವಿಗಿಂತ ಮೇಲಿದ್ದಾನೆ, ಇರುವುದು ಒಂದೇ ಸೀಟು. ಅನು ಎದ್ದು ‘ಖ’ಗೆ ಹೋಗುತ್ತಾಳೆ. ಅಲ್ಲಿ ಬೇರೊಬ್ಬರು ಆಗಲೇ ಕೂತಿದ್ದರೂ, ‘ಖ’ದ ಪಟ್ಟಿಯಲ್ಲಿ ಅನು ಅವರಿಗಿಂತ ಮೇಲಿದ್ದರೆ ಸೀಟು ಅವಳಿಗೇ. ತಡವಾಗಿ ಬಂದಳು ಎಂಬ ಕಾರಣಕ್ಕೆ ಅವಳು ಏನನ್ನೂ ಕಳೆದುಕೊಳ್ಳುವುದಿಲ್ಲ.

ಹಾಗಾಗಿ ಎಲ್ಲಿ ಸಿಗಬಹುದು ಎಂದು ಲೆಕ್ಕ ಹಾಕಿ ಪಟ್ಟಿ ಮಾಡಬೇಡಿ. ನಿಜವಾಗಿ ಬೇಕಿರುವ ಕ್ರಮದಲ್ಲೇ ಬರೆಯಿರಿ. ಹೋಗಲು ಮನಸ್ಸಿಲ್ಲದ ಜಾಗವನ್ನು ಮಾತ್ರ ಬರೆಯಲೇಬೇಡಿ, ಏಕೆಂದರೆ ಫಲಿತಾಂಶಕ್ಕೆ ಎರಡೂ ಕಡೆಯವರು ಬದ್ಧರು. ನೀವು ಅವರಿಗೆ ಎಷ್ಟನೇ ಸ್ಥಾನ ಕೊಟ್ಟಿರಿ ಎಂಬುದು ಆಸ್ಪತ್ರೆಗೆ ಕಾಣುವುದಿಲ್ಲ. ಕೇಳುವುದು ಮ್ಯಾಚ್ ನಿಯಮಕ್ಕೇ ವಿರುದ್ಧ.

ನಂಬಿಕೆ 2: ‘ಮಾರ್ಚ್‌ನಲ್ಲಿ ಸಿಗಲಿಲ್ಲ ಎಂದರೆ ಆ ವರ್ಷ ಮುಗಿಯಿತು’

ತಪ್ಪು. 2016ರಿಂದ ಮ್ಯಾಚ್ ಎರಡು ಹಂತಗಳಲ್ಲಿ ನಡೆಯುತ್ತಿದೆ. ಮೊದಲ ಹಂತದ ಫಲಿತಾಂಶದ ನಂತರ ಖಾಲಿ ಉಳಿದ ಸೀಟುಗಳ ಪಟ್ಟಿ ಬರುತ್ತದೆ. ಹೊಸ ಅರ್ಜಿ, ಹೊಸ ಸಂದರ್ಶನ, ಹೊಸ ಪಟ್ಟಿ ಎಲ್ಲವೂ ಕೆಲವೇ ವಾರಗಳಲ್ಲಿ ಮುಗಿದು, ಎರಡನೇ ಹಂತದ ಫಲಿತಾಂಶ ಏಪ್ರಿಲ್‌ನಲ್ಲಿ ಬರುತ್ತದೆ. ಅದರ ನಂತರವೂ ಉಳಿದ ಸೀಟುಗಳಿಗೆ ಆಸ್ಪತ್ರೆಗಳು ನೇರವಾಗಿ ಆಯ್ಕೆ ಮಾಡಿಕೊಳ್ಳಬಹುದು.

ಸಮಯ ಬಹಳ ಕಡಿಮೆ. ಅಳುವುದಕ್ಕೆ ಒಂದು ದಿನ ಇಟ್ಟುಕೊಳ್ಳಿ, ಮರುದಿನವೇ ಖಾಲಿ ಸೀಟುಗಳ ಪಟ್ಟಿ ತೆರೆಯಿರಿ. ಶಿಫಾರಸು ಪತ್ರ ಕೊಟ್ಟ ಶಿಕ್ಷಕರಿಗೆ ಅದೇ ದಿನ ವಿಷಯ ತಿಳಿಸಿ.

ನಂಬಿಕೆ 3: ‘ಮ್ಯಾಚ್ ಆಗದವರನ್ನು ಮುಂದಿನ ವರ್ಷ ಯಾರೂ ನೋಡುವುದಿಲ್ಲ’

ಇದು ಪೂರ್ತಿ ನಿಜವಲ್ಲ. ಮತ್ತೆ ಅರ್ಜಿ ಹಾಕುವುದಕ್ಕೆ ನಿಷೇಧವಿಲ್ಲ. ಹಿಂದೆ ಆಯ್ಕೆ ಮಾಡದ ಆಸ್ಪತ್ರೆಗೂ ಹಾಕಬಹುದು. ಆದರೆ ಪದವಿ ಮುಗಿದ ವರ್ಷ ಸಿವಿಯಲ್ಲೇ ಇರುತ್ತದೆ, ‘ನಡುವಿನ ವರ್ಷ ಏನು ಮಾಡಿದಿರಿ?’ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಗಟ್ಟಿಯಾದ ಉತ್ತರ ಇರಬೇಕು.

ಆ ಒಂದು ವರ್ಷದಲ್ಲಿ ಏನು ಮಾಡಬೇಕು?

ಮೊದಲು ಎಲ್ಲಿ ತಪ್ಪಿತು ಎಂದು ಹುಡುಕಿ. ಸಂದರ್ಶನಕ್ಕೇ ಕರೆ ಬರಲಿಲ್ಲವೇ? ಹಾಗಾದರೆ ತೊಂದರೆ ಅರ್ಜಿಯಲ್ಲಿದೆ: ಎಲ್ಲರಿಗೂ ಒಂದೇ ಒಕ್ಕಣೆಯ ಉದ್ದೇಶ ಪತ್ರ, ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡದವರ ಶಿಫಾರಸು, ಅಥವಾ ಒಂದೇ ನಗರದ ನಾಲ್ಕೈದು ಹೆಸರಾಂತ ಆಸ್ಪತ್ರೆಗಳಿಗಷ್ಟೇ ಅರ್ಜಿ. ಸಂದರ್ಶನ ಆಗಿಯೂ ಸಿಗಲಿಲ್ಲವೇ? ಆಗ ಮಾತಿನ ತಯಾರಿ ಬೇಕು, ಜೊತೆಗೆ ಪಟ್ಟಿ ತೀರಾ ಚಿಕ್ಕದಾಗಿತ್ತೇ ಎಂದೂ ನೋಡಬೇಕು. ಸಂದರ್ಶನ ಮಾಡಿದ ಆಸ್ಪತ್ರೆಗೆ ಬರೆದು ವಿನಯದಿಂದ ಅಭಿಪ್ರಾಯ ಕೇಳಬಹುದು. ಎಲ್ಲರೂ ಉತ್ತರಿಸುವುದಿಲ್ಲ. ಉತ್ತರಿಸಿದವರ ಮಾತು ಬಹಳ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಲೈಸೆನ್ಸ್ ಪಡೆದು ಕೆಲಸಕ್ಕೆ ಸೇರಿ. ಆಸ್ಪತ್ರೆಯ ಕೆಲಸವಾದರೆ ಒಳ್ಳೆಯದು, ಮೆಡಿಕಲ್ ಶಾಪ್ ಕೆಲಸವೂ ವ್ಯರ್ಥವಲ್ಲ. ರೋಗಿಗೆ ಔಷಧ ವಿವರಿಸಿದ್ದು, ಪ್ರಿಸ್ಕ್ರಿಪ್ಷನ್‌ನಲ್ಲಿದ್ದ ತಪ್ಪು ಡೋಸ್ ಗುರುತಿಸಿ ವೈದ್ಯರಿಗೆ ಫೋನ್ ಮಾಡಿದ್ದು ಇವೆಲ್ಲ ಸಂದರ್ಶನದಲ್ಲಿ ಹೇಳಬಹುದಾದ ಅನುಭವಗಳೇ. ಹಾಗೆ ಆದದ್ದನ್ನು ರೋಗಿಯ ಹೆಸರಿಲ್ಲದೆ ಬರೆದಿಟ್ಟುಕೊಳ್ಳಿ. ಈಗಿನ ಮೇಲಧಿಕಾರಿಯಿಂದ ಕನಿಷ್ಠ ಒಂದು ಹೊಸ ಶಿಫಾರಸು ಪತ್ರ ಪಡೆಯಿರಿ.

ಡಿಸೆಂಬರ್‌ನಲ್ಲಿ ಎಎಸ್‌ಎಚ್‌ಪಿಯ ಮಿಡ್‌ಇಯರ್ ಸಮ್ಮೇಳನವಿರುತ್ತದೆ. ಅಲ್ಲಿ ರೆಸಿಡೆನ್ಸಿ ನಡೆಸುವವರನ್ನು ನೇರವಾಗಿ ಮಾತನಾಡಿಸಬಹುದು. ಹೆಚ್ಚಿನ ಕಡೆ ಅರ್ಜಿಯ ಗಡುವು ಜನವರಿಯ ಆರಂಭದ ಆಸುಪಾಸು. ಪ್ರತಿ ಆಸ್ಪತ್ರೆಯ ಪುಟದಲ್ಲಿ ಖಚಿತ ದಿನಾಂಕ ನೋಡಿಕೊಳ್ಳಿ. ಉದ್ದೇಶ ಪತ್ರದಲ್ಲಿ ಹಿಂದಿನ ವರ್ಷದ ವಿಷಯವನ್ನು ಮುಚ್ಚಿಡಬೇಡಿ, ಅದನ್ನೇ ಹಿಡಿದು ಅಳಲೂ ಬೇಡಿ. ಎರಡು ವಾಕ್ಯ ಸಾಕು: ಆಗ ಏನು ಕೊರತೆಯಿತ್ತು, ಈಗ ಏನು ಕಲಿತಿದ್ದೀರಿ.

ಕರ್ನಾಟಕದಲ್ಲಿ ಓದಿದವರಿಗೆ ಇದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ, ಆದರೆ ಅದಕ್ಕೆ ಮುನ್ನ ಒಂದು ಮೆಟ್ಟಿಲು ಹತ್ತಬೇಕು. ಅಮೆರಿಕದ ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಓದಿದವರಿಗೆ ಎನ್‌ಎಬಿಪಿ ಕೊಡುವ ಎಫ್‌ಪಿಜಿಇಸಿ ಪ್ರಮಾಣಪತ್ರ ಬೇಕು. 2003ರ ನಂತರ ಪದವಿ ಪಡೆದವರ ಕೋರ್ಸ್ ಕನಿಷ್ಠ ಐದು ವರ್ಷದ್ದಾಗಿರಬೇಕು ಎಂಬುದು ಅದರ ಷರತ್ತು. ಹಾಗಾಗಿ ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್ ಒಂದೇ ಸಾಲದು. ಭಾರತದಲ್ಲಿ 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್.ಡಿ ಈ ಅವಧಿಯನ್ನು ದಾಟುತ್ತದೆ. ಇನ್ನೊಂದು ವಿಷಯ ವೀಸಾ. ಎಲ್ಲ ಆಸ್ಪತ್ರೆಗಳೂ ವೀಸಾ ಪ್ರಾಯೋಜಿಸುವುದಿಲ್ಲ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ನಂಬಿಕೆ 4: ‘ದುಡ್ಡು ಕೊಟ್ಟರೆ ಸೀಟು ಗ್ಯಾರಂಟಿ’

ಮ್ಯಾಚ್‌ನಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಇಲ್ಲ. ಅರ್ಜಿ ತಿದ್ದಲು, ಸಂದರ್ಶನದ ಅಭ್ಯಾಸ ಮಾಡಿಸಲು ಯಾರಾದರೂ ಶುಲ್ಕ ಪಡೆಯಬಹುದು. ಆದರೆ ಆಸ್ಪತ್ರೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸುವ ಭರವಸೆ ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನೆನಪಿಡಿ

ಮ್ಯಾಚ್ ಆಗಲಿಲ್ಲ ಎಂದರೆ ಆ ವರ್ಷ, ಆ ಪಟ್ಟಿಗಳು ಹೊಂದಲಿಲ್ಲ ಎಂದಷ್ಟೇ ಅರ್ಥ. ಪದವಿ ಹೋಗುವುದಿಲ್ಲ, ಲೈಸೆನ್ಸ್‌ಗೂ ತೊಂದರೆಯಿಲ್ಲ. ನಿಮ್ಮ ಮನೆಯಲ್ಲೋ ಬಳಗದಲ್ಲೋ ಯಾರಾದರೂ ಈ ಸ್ಥಿತಿಯಲ್ಲಿದ್ದರೆ, ‘ಯಾಕೆ ಸಿಗಲಿಲ್ಲ?’ ಎಂದು ಕೇಳುವ ಬದಲು ಎರಡನೇ ಹಂತದ ಗಡುವು ಯಾವಾಗ ಎಂದು ಕೇಳಿ. ಅವರಿಗೆ ಆ ಹೊತ್ತಿಗೆ ಬೇಕಿರುವ ಪ್ರಶ್ನೆ ಅದು.