ಸಲಾಯಿನ್ ಚಿಕಿತ್ಸೆಯ ಇತಿಹಾಸ: ಕೊಡುವುದರಿಂದ ಮುನ್ನಂದಾಜಿನವರೆಗೆ

ಕೃಷ್ಣೆಯ ಎಡದಂಡೆಯ ಕೊಲ್ಹಾರ ಹಾಗೂ ಸುತ್ತಲಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳಲ್ಲಿ ‘ಸಲಾಯಿನ್ ಹಚ್ಚುವುದು’ ಎಂಬ ಮಾತು ಎಲ್ಲರಿಗೂ ಪರಿಚಿತ. ಸುಸ್ತಾದ ಮಗುವಿಗೆ ಅದು ಬಲ ತರುತ್ತದೆಂಬ ನಂಬಿಕೆಯೂ ಆ ಮಾತಿನೊಡನೆ ಬೆಳೆದಿದೆ. ಈ ನಂಬಿಕೆಗೆ ಐತಿಹಾಸಿಕ ಆಧಾರವಿದೆ. ಅದಕ್ಕೊಂದು ಮಿತಿಯೂ ಇದೆ.

1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲ್ಯಾಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪಿನ ದ್ರಾವಣವನ್ನು ಹರಿಸಿದನು. ಇದಕ್ಕೆ ಪ್ರೇರಣೆಯಾದ ರಕ್ತಪರೀಕ್ಷೆಗಳನ್ನು ನಡೆಸಿದ್ದ ವಿಲಿಯಂ ಓಶಾನೆಸಿ ಮುಂದೆ ಕಲಕತ್ತೆಗೆ ಬಂದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ನಗರದಲ್ಲಿ ಲಿಯೊನಾರ್ಡ್ ರಾಜರ್ಸ್ ಈ ಚಿಕಿತ್ಸೆಯನ್ನು ಸುಧಾರಿಸಿ ಕಾಲರಾ ಸಾವುಗಳನ್ನು ಗಣನೀಯವಾಗಿ ತಗ್ಗಿಸಿದನು. ವಾಂತಿಭೇದಿಯಲ್ಲಿ ಲೆಕ್ಕ ಸರಳವಾಗಿತ್ತು: ದೇಹ ಕಳೆದುಕೊಂಡ ನೀರು, ಲವಣಗಳನ್ನು ಮರಳಿ ತುಂಬುವುದು.

ನಂಜೇರಿದ ಮಗುವಿನ ಸ್ಥಿತಿ ಅಷ್ಟು ಸರಳವಲ್ಲ. ಅಲ್ಲಿ ನೀರು ದೇಹದಿಂದ ಹೊರಹೋಗದೆಯೂ ರಕ್ತನಾಳಗಳಿಂದ ಸೋರಬಹುದು, ಹೃದಯವೂ ದುರ್ಬಲವಾಗಿರಬಹುದು. ಮೊದಲ ಗಂಟೆಯಲ್ಲಿಯೇ ಹೆಚ್ಚು ದ್ರವ ಪಡೆದ ಮಕ್ಕಳು ಹೆಚ್ಚಾಗಿ ಬದುಕಿದರೆಂದು 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 34 ಮಕ್ಕಳ ಸಣ್ಣ ಅಧ್ಯಯನವೊಂದು ತಿಳಿಸಿತು. ಇದಕ್ಕೆ ವಿರುದ್ಧವಾದ ಫಲಿತಾಂಶ 2011ರಲ್ಲಿ ಉಗಾಂಡ, ಕೆನ್ಯಾ ಮತ್ತು ಟಾಂಜಾನಿಯಾಗಳಿಂದ ಬಂದಿತು. ತೀವ್ರ ಜ್ವರ ಮತ್ತು ರಕ್ತಸಂಚಾರದ ಕೊರತೆಯಿದ್ದ 3141 ಮಕ್ಕಳ ಆ ಪ್ರಯೋಗದಲ್ಲಿ, ವೇಗವಾಗಿ ದ್ರವ ಪಡೆದ ಗುಂಪುಗಳಲ್ಲಿ 48 ಗಂಟೆಗಳೊಳಗೆ ಶೇ. 10.5ರಷ್ಟು, ಪಡೆಯದ ಗುಂಪಿನಲ್ಲಿ ಶೇ. 7.3ರಷ್ಟು ಮಕ್ಕಳು ತೀರಿಕೊಂಡರು. ವಾಂತಿಭೇದಿಯ ಮಕ್ಕಳನ್ನು ಈ ಪ್ರಯೋಗದಿಂದ ಹೊರಗಿಟ್ಟಿದ್ದುದು ಗಮನಾರ್ಹ.

ಹೀಗೆ ‘ಎಷ್ಟು ಕೊಡಬೇಕು’ ಎಂಬುದಕ್ಕಿಂತ ಮೊದಲು ‘ಈ ಮಗುವಿನ ಹೃದಯ ಇದಕ್ಕೆ ಸ್ಪಂದಿಸುವುದೇ’ ಎಂಬ ಪ್ರಶ್ನೆ ಮುಂದೆ ಬಂದಿತು. ದ್ರವ ಪಡೆದ ಮೇಲೆ ಹೃದಯದ ಪ್ರತಿ ಬಡಿತದ ರಕ್ತಪ್ರಮಾಣ ಶೇ. 10ರಿಂದ 15ರಷ್ಟಾದರೂ ಏರಿದರೆ ಸ್ಪಂದನೆಯೆನ್ನುತ್ತಾರೆ. 2013ರ ವಿಮರ್ಶೆಯೊಂದರಲ್ಲಿ ಪರಿಶೀಲಿಸಿದ ಹಲವು ಅಳತೆಗಳ ಪೈಕಿ ಮಕ್ಕಳಲ್ಲಿ ವಿಶ್ವಾಸಾರ್ಹವೆನಿಸಿದ್ದು ಒಂದೇ: ಮಹಾಪಧಮನಿಯ ರಕ್ತವೇಗವು ಉಸಿರಾಟದೊಡನೆ ಏರಿಳಿಯುವ ಪ್ರಮಾಣ. ಅದಕ್ಕೆ ಅಲ್ಟ್ರಾಸೌಂಡ್ ಯಂತ್ರ ಬೇಕು; ಆ ಪುರಾವೆಯೂ ಮುಖ್ಯವಾಗಿ ಕೃತಕ ಉಸಿರಾಟದಲ್ಲಿರುವ ಮಕ್ಕಳದು.

ತೀವ್ರ ನಿಗಾ ಘಟಕವಿಲ್ಲದ ಕಡೆ, ರಕ್ತದೊತ್ತಡ ಕುಸಿಯದ ಮಗುವಿಗೆ ದ್ರವವನ್ನು ಒಮ್ಮೆಲೇ ಸುರಿಯಬಾರದೆಂದು 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಸಲಹೆ ನೀಡಿತು. ಯಂತ್ರ ಎಟುಕದಲ್ಲಿ ವೈದ್ಯನಿಗೆ ಉಳಿಯುವುದು ಕಣ್ಣು, ಕೈಗಳೇ. ನಾಡಿಯ ವೇಗ ಇಳಿಯಿತೇ, ಅಂಗೈ ಬೆಚ್ಚಗಾಯಿತೇ, ಪಿತ್ತಜನಕಾಂಗ ಹಿಗ್ಗಿತೇ, ಉಸಿರು ಬಿಗಿಯಿತೇ ಎಂದು ಅವನು ಪ್ರತಿ ಹಂತದಲ್ಲೂ ಪರೀಕ್ಷಿಸಬೇಕು. ಲ್ಯಾಟಾ ಆರಂಭಿಸಿದ ಚಿಕಿತ್ಸೆಯು ಸುಮಾರು ಎರಡು ಶತಮಾನಗಳಲ್ಲಿ ಕಲಿಸಿದ ಪಾಠವೆಂದರೆ, ಸಲಾಯಿನ್ ಕೂಡ ಔಷಧಿಯೇ. ಅಳತೆ ತಪ್ಪಿದರೆ ಅದು ಮಗುವಿನ ಜೀವಕ್ಕೇ ಅಪಾಯ.