ಕಾರ್ಡು ಯಾರು ಓದಿದರು?

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಹೈದರಾಬಾದಿನ ಎಚ್‌ಐಸಿಸಿಯಲ್ಲಿ ಐಕ್ಯಾನ್‌ನ 57ನೇ ಸಭೆ ಇನ್ನೂ ಮುಗಿದಿರಲಿಲ್ಲ. ಆ ವಾರ ಎಂದರೆ ನಮಗೆ ನೆನಪಾಗುವುದು ಬ್ಯಾಂಕಿನ ಸಾಲು ಮಾತ್ರ, ಇರಲಿ. ಐಕ್ಯಾನ್ ಎಂದರೆ ಇಂಟರ್‌ನೆಟ್ಟಿನ ಹೆಸರುಗಳ ಉಸ್ತುವಾರಿ ನೋಡುವ ಸಂಸ್ಥೆ. ಈ ಕೆಲಸಕ್ಕಾಗಿ ಅಮೆರಿಕ ಸರ್ಕಾರದೊಂದಿಗಿದ್ದ ಅದರ ಒಪ್ಪಂದ ಹಿಂದಿನ ತಿಂಗಳಷ್ಟೇ ಮುಗಿದಿತ್ತು. ಆಮೇಲಿನ ಮೊದಲ ಸಭೆ ಇದು.

ಹೆಸರು ಕೊಟ್ಟರೆ ಅಂಕೆಯ ವಿಳಾಸ ಹೇಳುವ ಡಿಎನ್‌ಎಸ್ ಹುಟ್ಟಿದ್ದು 1983ರಲ್ಲಿ. ಅದಕ್ಕೆ ಮೊದಲು ಇಡೀ ಜಾಲದ ವಿಳಾಸಗಳು ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಫೈನ್ಲರ್ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಪಾಲ್ ಮೊಕಪೆಟ್ರಿಸ್ ಆ ಕೆಲಸವನ್ನು ಹಲವು ಸರ್ವರುಗಳಿಗೆ ಹಂಚಿದರು. ಆಗಿನದು ಸಣ್ಣ ಜಾಲ. ಹಾಗಾಗಿ ಪ್ರಶ್ನೆ, ಉತ್ತರ ಎರಡೂ ಅಂಚೆ ಕಾರ್ಡಿನಂತೆ ತೆರೆದೇ ಹೋದವು. ದಾರಿಯಲ್ಲಿದ್ದವರು ಓದಬಹುದಿತ್ತು, ತಿದ್ದಲೂಬಹುದಿತ್ತು.

ಮೊದಲು ಕಾಡಿದ್ದು ತಿದ್ದುವವರ ಭಯ. ಸುಳ್ಳು ಉತ್ತರ ತುರುಕುವುದು ಎಷ್ಟು ಸುಲಭವೆಂದು 2008ರಲ್ಲಿ ಡ್ಯಾನ್ ಕಮಿನ್ಸ್ಕಿ ತೋರಿಸಿದರು. 2010ರ ಜುಲೈನಲ್ಲಿ ರೂಟ್‌ಗೆ ಡಿಜಿಟಲ್ ಸಹಿ ಬಿತ್ತು. ಸಹಿ ಬಿದ್ದರೂ ಕಾರ್ಡು ಕಾರ್ಡೇ. ಸ್ನೋಡೆನ್ 2013ರಲ್ಲಿ ಕಣ್ಗಾವಲಿನ ಅಗಲ ಬಯಲು ಮಾಡಿದ ಮೇಲೆ ಓದುವವರ ಭಯ ಶುರುವಾಯಿತು. ಹೈದರಾಬಾದಿನ ಸಭೆಗೆ ಆರು ತಿಂಗಳು ಮೊದಲು, 2016ರ ಮೇನಲ್ಲಿ, ಪ್ರಶ್ನೆಯನ್ನು ಇನ್‌ಲ್ಯಾಂಡ್ ಲೆಟರಿನಂತೆ ಅಂಟಿಸಿ ಕಳಿಸುವ 'ಡಿಎನ್‌ಎಸ್ ಓವರ್ ಟಿಎಲ್‌ಎಸ್' ನಿಯಮ ಪ್ರಕಟವಾಯಿತು. 2018ರ ಆಂಡ್ರಾಯ್ಡ್ 9ರಲ್ಲಿ ಅದು 'ಪ್ರೈವೇಟ್ ಡಿಎನ್‌ಎಸ್' ಎಂಬ ಸೆಟ್ಟಿಂಗ್ ಆಗಿ ನಮ್ಮ ಕೈಗೆ ಬಂತು.

ಆದರೆ ಅಂಟಿಸಿದ ಪತ್ರವನ್ನೂ ಯಾರೋ ಒಬ್ಬರು ಒಡೆಯಲೇಬೇಕಲ್ಲ. ಆ ಸೆಟ್ಟಿಂಗಿನಲ್ಲಿ ಗೂಗಲ್ ಅಥವಾ ಕ್ಲೌಡ್‌ಫ್ಲೇರ್ ಹಾಕಿದರೆ ನಿಮ್ಮ ಪ್ರಶ್ನೆಗಳು ಕೇಬಲ್ ಕಂಪನಿಗೆ ಕಾಣವು, ಅವರಿಗೆ ಕಾಣುತ್ತವೆ. ಮನೆಯ ರಾಸ್‌ಬೆರಿ ಪೈ ಮೇಲೆ ಅನ್‌ಬೌಂಡ್ ಹಾಕಿ ನೇರ ರೂಟ್ ಸರ್ವರಿನಿಂದಲೇ ವಿಚಾರಿಸಿಕೊಂಡು ಬರಬಹುದು. ಆಗ ಪೂರ್ತಿ ಪಟ್ಟಿ ಯಾವ ದೊಡ್ಡ ಕಂಪನಿಗೂ ಸಿಗದು, ಆದರೆ ಪ್ರಶ್ನೆಗಳು ಮತ್ತೆ ತೆರೆದ ಕಾರ್ಡುಗಳೇ. ಕೇಬಲ್ ಕಂಪನಿ ಓದುತ್ತದೆ. ಜಾಹೀರಾತು ತಡೆಯುವ ಪೈ-ಹೋಲ್ ಹಾಕಿಕೊಂಡು ಎಲ್ಲ ಗುಟ್ಟಾಯಿತು ಎನ್ನುವವರು ಈ ಭಾಗ ಮರೆಯುತ್ತಾರೆ.

ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ನಮ್ಮ ಸೇವಾದಾರರು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು. ಹಾಗಾಗಿ ನನ್ನ ಒಲವು ಅಂಟಿಸಿದ ಪತ್ರದ ಕಡೆಗೆ: ಅನ್‌ಬೌಂಡ್ ಮನೆಯಲ್ಲಿರಲಿ, ಸಹಿಯನ್ನು ಅದೇ ಪರೀಕ್ಷಿಸಲಿ, ಹೊರಗಿನ ಪ್ರಶ್ನೆಗಳು 853ನೇ ಪೋರ್ಟಿನಿಂದ ಹೋಗಲಿ. ಇಷ್ಟಾದರೂ ನೀವು ತೆರೆಯುವ ಸೈಟಿನ ಐಪಿ ವಿಳಾಸ ಕೇಬಲ್ ಕಂಪನಿಗೆ ಕಾಣುತ್ತದೆ. ರೂಟರಿನಲ್ಲಿ ಹೊರಹೋಗುವ 53ನೇ ಪೋರ್ಟನ್ನೂ ಮುಚ್ಚಬೇಕು. ಕೆಲವು ಸ್ಮಾರ್ಟ್ ಟಿವಿಗಳು ಮನೆಯ ಮಾತು ಕೇಳದೆ ತಮ್ಮದೇ ಡಿಎನ್‌ಎಸ್‌ಗೆ ಕಾರ್ಡು ಹಾಕುತ್ತವೆ.