ಚಿನ್ನಬಳ್ಳಾಪುರವೂ ಚಿಕ್ಕಬಳ್ಳಾಪುರವೂ: ಸುವಾರ್ತೆ ಬಂದ ಎರಡು ಭಾಷೆಗಳು

1709ರ ಜನವರಿಯಲ್ಲಿ ಫ್ರೆಂಚ್ ಯೇಸುಸಭೆಯ ಪಾದ್ರಿ ಲೆ ಗಾಕ್ ಅವರು ಬರೆದ ಪತ್ರವೊಂದು ಆ ಕಾಲದ ಮಿಷನ್ ಪತ್ರಗಳ ಸಂಪುಟಗಳಲ್ಲಿ ಅಚ್ಚಾಗಿದೆ. ಬರೆದ ಊರಿನ ಹೆಸರು ಅದರಲ್ಲಿ ‘ಚಿನ್ನಬಲ್ಲಬರಂ’ ಎಂದಿದೆ. ಇದು ನಮ್ಮ ಚಿಕ್ಕಬಳ್ಳಾಪುರವೇ. ‘ಪುರ’ವು ‘ಬರಂ’ ಆದುದರಲ್ಲಿ ಪುದುಚೇರಿಯ ತಮಿಳು ಕಿವಿಯ ಪಾಲೂ ಇರಬಹುದು. ಆದರೆ ‘ಚಿಕ್ಕ’ ಎಂಬುದು ‘ಚಿನ್ನ’ವಾಗಿ ಕೇಳಿಸಿದ್ದು ಆಕಸ್ಮಿಕವಲ್ಲ. ಊರಿನ ಸುತ್ತಲಿನ ಮನೆಮಾತು ಬಹುಮಟ್ಟಿಗೆ ತೆಲುಗು.

ಪುದುಚೇರಿಯಿಂದ ಹೊರಟ ಈ ‘ಕರ್ನಾಟಿಕ್ ಮಿಷನ್’ ಹೆಸರಿಗೆ ಮಾತ್ರ ಕರ್ನಾಟಕದ್ದು. ಅದು ಮುಖ್ಯವಾಗಿ ಕಲಿತದ್ದೂ ಬೋಧಿಸಿದ್ದೂ ತೆಲುಗಿನಲ್ಲಿ. ಮದುರೆಯಲ್ಲಿ ದೆ ನೊಬಿಲಿ ಹಾಕಿಕೊಟ್ಟ ಮಾದರಿಯಂತೆ ಅದರ ಪಾದ್ರಿಗಳು ಸನ್ಯಾಸಿಗಳ ಉಡುಪನ್ನೂ ಆಹಾರಕ್ರಮವನ್ನೂ ಸ್ವೀಕರಿಸಿದರು. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದುಗೊಳಿಸಿದಾಗ ಆ ಕಾರ್ಯದ ಬೆನ್ನೆಲುಬು ಮುರಿಯಿತು.

ಮುಂದಿನ ಶತಮಾನದಲ್ಲಿ ಲಂಡನ್ ಮಿಷನ್ ಬಂದದ್ದು ಬೇರೆ ದಾರಿಯಿಂದ, ಬೇರೆ ಭಾಷೆಯೊಡನೆ. ಆ ಸಂಸ್ಥೆಗೆ ವಿಶಾಖಪಟ್ಟಣ, ಕಡಪಗಳಲ್ಲಿ ತೆಲುಗು ಕ್ಷೇತ್ರಗಳೂ ಬಳ್ಳಾರಿ, ಬೆಂಗಳೂರುಗಳಲ್ಲಿ ಕನ್ನಡ ಕ್ಷೇತ್ರಗಳೂ ಇದ್ದವು. ಚಿಕ್ಕಬಳ್ಳಾಪುರವು ಬೆಂಗಳೂರಿನ ಕಡೆಗೆ ಸೇರಿತು, ಆದ್ದರಿಂದ ಕನ್ನಡಕ್ಕೆ. ಮೈಸೂರು ಸಂಸ್ಥಾನದ ಕಚೇರಿಯ ಭಾಷೆಯೂ ಅದೇ ಆದುದರಿಂದ ಈ ಹಂಚಿಕೆ ಆಡಳಿತದೃಷ್ಟಿಯಿಂದ ಸಹಜವಾಗಿತ್ತು. ಅದರಿಂದ ಕನ್ನಡಕ್ಕೆ ದೊರೆತ ಲಾಭವನ್ನೂ ಮರೆಯಲಾಗದು. 1837ರಲ್ಲಿ ಬೆಂಗಳೂರಿಗೆ ಬಂದ ಬೆಂಜಮಿನ್ ರೈಸ್ ಅವರ ಮಕ್ಕಳಲ್ಲಿ ಎಡ್ವರ್ಡ್ ರೈಸ್ ಅದೇ ಮಿಷನ್ನಿನ ಸೇವಕರಾಗಿ, 1915ರಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಲೂಯಿಸ್ ರೈಸ್ ಶಾಸನಶೋಧಕರಾದರು. ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ (1905) ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನೊಳಗೊಂಡ ಅಂದಿನ ಕೋಲಾರ ಜಿಲ್ಲೆಯದು. ಅದರಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು ಶಾಸನಗಳೂ ಇವೆ. ಮಿಷನ್ನಿನ ಭೂಪಟ ಒಪ್ಪದ ಸಂಗತಿಯನ್ನು ಮಿಷನೆರಿಯ ಮಗನೇ ಕಲ್ಲಿನ ಮೇಲೆ ಓದಿದ್ದನು!

ಇಲ್ಲಿನ ಜನರ ಭಕ್ತಿಯಾದರೂ ಆ ಗಡಿಯನ್ನು ಎಂದೂ ಕಂಡಿರಲಿಲ್ಲ. ಚಿಂತಾಮಣಿ ತಾಲೂಕಿನ ಕೈವಾರದ ನಾರೇಯಣ ಯೋಗಿ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಬಳೆ ಮಾರುತ್ತಿದ್ದವರಿಗೆ ಯಾವ ಮನೆಯಲ್ಲಿ ಯಾವ ಮಾತೆಂಬುದನ್ನು ಹೇಳಿಕೊಡಬೇಕಾಗಿರಲಿಲ್ಲ.

ಹಾಗಾದರೆ ಕನ್ನಡದ ಸತ್ಯವೇದವು ತೆಲುಗು ಮನೆಯ ಹೊಸ್ತಿಲನ್ನು ದಾಟಿದ್ದು ಹೇಗೆ? ಊರವರೇ ಆದ ಉಪದೇಶಕರೂ ಬೈಬಲ್ ಸ್ತ್ರೀಯರೂ ದಾಟಿಸಿರಬೇಕೆಂಬುದು ನನ್ನ ಊಹೆ. ಕನ್ನಡದಲ್ಲಿ ಓದಿದ ಸಾಮ್ಯವನ್ನು ಅಂಗಳದಲ್ಲಿ ತೆಲುಗಿನಲ್ಲಿ ಹೇಳಿದವರು ಅವರು. ಮಿಷನ್ ಆಸ್ಪತ್ರೆಯಲ್ಲಿ ರೋಗಿಯ ನೋವನ್ನು ವೈದ್ಯರಿಗೆ ತಿಳಿಸಿದವರೂ ಅಂಥವರೇ ಆಗಿರಬೇಕು. ಪಂಚಾಶತ್ತಮದ ದಿನ ಪ್ರತಿಯೊಬ್ಬನೂ ತನ್ನ ಹುಟ್ಟುಭಾಷೆಯಲ್ಲಿ ಕೇಳಿದನೆಂಬ ಸಂಗತಿ ಈ ಸೀಮೆಯಲ್ಲಿ ನಡೆದಿದ್ದರೆ ಇವರ ಬಾಯಿಂದಲೇ ನಡೆದಿರಬೇಕು. ಆದರೆ ಸಂಸ್ಥೆಗೆ ವರದಿ ಬರೆಯುತ್ತಿದ್ದವರು ಇವರಲ್ಲ. ಲೆ ಗಾಕ್ ಅವರ ಪತ್ರ ಫ್ರೆಂಚಿನಲ್ಲಿದೆ. ಲಂಡನ್ ಮಿಷನ್ನಿನ ಕಡತಗಳು ಇಂಗ್ಲಿಷಿನಲ್ಲಿ, ಲಂಡನ್ನಿನಲ್ಲಿಯೇ ಇವೆ. ಈ ಸೀಮೆಯ ಸಭೆಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಹಳೆಯ ದೀಕ್ಷಾಸ್ನಾನದ ದಾಖಲೆಪುಸ್ತಕಗಳನ್ನೊಮ್ಮೆ ಬಿಡಿಸಿ ನೋಡಲಿ. ವೃದ್ಧೆಯರು ಆರಾಧನೆ ಮುಗಿದ ಮೇಲೆ ಯಾವ ಭಾಷೆಯಲ್ಲಿ ಪ್ರಾರ್ಥಿಸುವರೆಂದು ಕೇಳಿ ಬರೆದುಕೊಳ್ಳಲಿ.